ಊರಿನದೇ ಜಾಲ, ಊರಿನದೇ ಎಐ: ಕಟ್ಟುವಾಗ ಯಾವುದು ಮೊದಲು, ಯಾವುದು ಆಮೇಲೆ

ಸಮುದಾಯ ಜಾಲ ಕಟ್ಟಲು ಹೊರಟವರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಮೊದಲು ರೇಡಿಯೊ ಕೊಳ್ಳುತ್ತಾರೆ, ಕಂಬಕ್ಕೆ ಏರಿಸುತ್ತಾರೆ, ಸಿಗ್ನಲ್ ಬಂತು ಅಂತ ಸಂತೋಷಪಡುತ್ತಾರೆ. ಸರ್ವರ್ ಎಲ್ಲಿರಬೇಕು, ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು, ಜನ ಕೊಟ್ಟ ಧ್ವನಿ, ಫೋಟೊ, ದಾಖಲೆಗಳ ಮೇಲೆ ಹಕ್ಕು ಯಾರದು ಎಂಬ ಮಾತು ಕೊನೆಗೆ ಬರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಸದ್ಯಕ್ಕೆ ಇರಲಿ ಅಂತ ಎಲ್ಲವನ್ನೂ ಯಾವುದೋ ಉಚಿತ ಕ್ಲೌಡ್‌ಗೆ ಹಾಕಿರುತ್ತಾರೆ. ಅಲ್ಲಿಗೆ ಕಂಬ, ತಂತಿ, ಬ್ಯಾಟರಿ ಊರಿನದು. ಊರಿನ ಮಾತು ಮಾತ್ರ ಬೇರೆಯವರ ಎಐ ಮಾದರಿಗೆ ಮೇವು.

ಇಲ್ಲಿ ಗುರಿ ಇಷ್ಟು: 5ರಿಂದ 15 ನೋಡ್‌ಗಳ (ರೇಡಿಯೊ, ರೂಟರ್ ಕೂರಿಸಿದ ಒಂದೊಂದು ಜಾಗ ಒಂದು ನೋಡ್) ಒಂದು ವೈರ್‌ಲೆಸ್ ಜಾಲ, ಅದರೊಳಗೊಂದು ಸರ್ವರ್, ಆ ಸರ್ವರ್‌ನಲ್ಲಿ ಹೊರಗಿನ ಸಂಪರ್ಕವಿಲ್ಲದೆಯೂ ಓಡುವ ಎಐ. ಇಂಟರ್ನೆಟ್ ಇದ್ದರೆ ಅನುಕೂಲ, ಇಲ್ಲದಿದ್ದರೂ ಕೆಲಸ ನಿಲ್ಲಬಾರದು. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಒಂದೊಂದು ಹಂತವೂ ಮುಂದಿನದರ ತಪ್ಪನ್ನು ತಡೆಯುವ ಹಾಗೆ ಜೋಡಿಸಿದೆ.

## ಹಂತ 1: ಸಾಮಾನಿಗಿಂತ ಮೊದಲು ಕರಾರು

ಏನನ್ನೂ ಕೊಳ್ಳುವ ಮೊದಲು ಒಂದೆರಡು ಪುಟದ ಕರಾರು ಬರೆಯಿರಿ. ಶೂನ್ಯದಿಂದ ಶುರುಮಾಡಬೇಕಿಲ್ಲ. ಜರ್ಮನಿಯ ಫ್ರೈಫುಂಕ್ ಎಂಬ ಸಮುದಾಯ ಜಾಲಗಳು ಬಳಸುವ ಪಿಕೊ ಪಿಯರಿಂಗ್ ಒಪ್ಪಂದ ತುಂಬ ಚಿಕ್ಕದು: ನನ್ನ ನೋಡ್ ಮೂಲಕ ಹಾದುಹೋಗುವ ದತ್ತಾಂಶಕ್ಕೆ ಅಡ್ಡಿ ಮಾಡುವುದಿಲ್ಲ, ಅದನ್ನು ತಿದ್ದುವುದಿಲ್ಲ, ಸಂಪರ್ಕಕ್ಕೆ ಬೇಕಾದ ವಿವರವನ್ನು ಎಲ್ಲರಿಗೂ ತಿಳಿಸುತ್ತೇನೆ, ಸೇವೆ ಸದಾ ಇರುತ್ತದೆ ಎಂಬ ಖಾತರಿ ಕೊಡುವುದಿಲ್ಲ. ಕಟಲೋನಿಯಾದ ಗುಯಿಫಿ ಡಾಟ್ ನೆಟ್ ಜಾಲಕ್ಕೂ ಇಂಥದೇ ಒಂದು ಸಾಮುದಾಯಿಕ ಪರವಾನಗಿ ಇದೆ. ಇವೆರಡನ್ನೂ ಓದಿ, ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

ನಿಮ್ಮ ಕರಾರಿನಲ್ಲಿ ಇವಕ್ಕೆ ಉತ್ತರ ಇರಲೇಬೇಕು. ಒಬ್ಬರ ಮನೆ ಮೇಲೆ ಕೂತ ರೇಡಿಯೊ ಯಾರದು? ಅವರು ಜಾಲ ಬಿಟ್ಟರೆ ಎಷ್ಟು ದಿನದೊಳಗೆ ಇಳಿಸಬೇಕು? ಕೆಟ್ಟರೆ ಖರ್ಚು ಯಾರದು? ಕೀಲಿ ಹೊಂದಿರುವ ಮೂವರು ಯಾರು?

ಮೂವರು ಅಂದದ್ದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಎಲ್ಲ ಪಾಸ್‌ವರ್ಡ್ ಒಬ್ಬ ಉತ್ಸಾಹಿಯ ಫೋನಿನಲ್ಲಿರುತ್ತದೆ. ಅವರು ಊರು ಬಿಟ್ಟ ತಿಂಗಳೇ ಜಾಲ ಸಾಯುತ್ತದೆ. ಕೀಪಾಸ್‌ಎಕ್ಸ್‌ಸಿಯಂಥ ತಂತ್ರಾಂಶದಲ್ಲಿ ಒಂದು ಗೂಢಲಿಪಿ ಕಡತ ಮಾಡಿ, ಪ್ರತಿಯನ್ನು ಮೂವರಿಗೂ ಕೊಡಿ. ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಹಾಕಿ, ಬೇರೆಯದೇ ಜಾಗದಲ್ಲಿಡಿ. ಡೊಮೈನ್ ಹೆಸರು, ಇಂಟರ್ನೆಟ್ ಸಂಪರ್ಕ, ಇಮೇಲ್ ಖಾತೆ ಯಾವುದೂ ಒಬ್ಬ ವ್ಯಕ್ತಿಯ ಖಾಸಗಿ ಹೆಸರಿನಲ್ಲಿ ಇರಬಾರದು.

ಕಾನೂನನ್ನೂ ಈಗಲೇ ನೋಡಿ. ಪರವಾನಗಿ ಬೇಡದ ತರಂಗಾಂತರಗಳು ಯಾವುವು, ಹೊರಾಂಗಣದಲ್ಲಿ ಎಷ್ಟು ಶಕ್ತಿಯವರೆಗೆ ಬಿಡಬಹುದು, ಕಂಬಕ್ಕೆ ಅನುಮತಿ ಬೇಕೆ, ಇಂಟರ್ನೆಟ್ ಕಂಪನಿಯ ಒಪ್ಪಂದದಲ್ಲಿ ಹಂಚಿಕೊಳ್ಳಲು ಅವಕಾಶ ಇದೆಯೆ ಎಂಬ ನಾಲ್ಕೂ ದೇಶದಿಂದ ದೇಶಕ್ಕೆ ಬದಲಾಗುತ್ತವೆ. ರೂಟರ್‌ನಲ್ಲಿ ದೇಶದ ಕೋಡ್ ಸರಿಯಾಗಿರಲಿ. ಹೆಚ್ಚು ಶಕ್ತಿ ಸಿಗುತ್ತದೆಂದು ಬೇರೆ ದೇಶದ ಕೋಡ್ ಹಾಕುವುದು ಅಪರಾಧವಾಗಬಹುದು, ಸುತ್ತಲಿನವರ ಜಾಲಕ್ಕೂ ಹಾನಿ.

## ಹಂತ 2: ಕಣ್ಣಿಗೆ ಕಾಣುವ ದಾರಿ ಹುಡುಕುವುದು

ದೂರದ ಎರಡು ಬಿಂದುಗಳನ್ನು ಸೇರಿಸಲು 5 ಗಿಗಾಹರ್ಟ್ಸ್ ರೇಡಿಯೊ ಬಳಸುತ್ತೇವೆ. ಇದಕ್ಕೆ ನಡುವೆ ಮರ, ಗೋಡೆ, ಗುಡ್ಡ ಇರಬಾರದು. ಎದುರಿನ ಕಂಬ ಕಾಣಿಸಿದರೆ ಸಾಕು ಅಂದುಕೊಳ್ಳುವುದು ಮೊದಲ ತಪ್ಪು. ರೇಡಿಯೊ ಅಲೆ ದಾರದಂತೆ ನೇರ ಹೋಗುವುದಿಲ್ಲ; ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಇದರ ಕನಿಷ್ಠ 60 ಶೇಕಡ ಖಾಲಿ ಇರಬೇಕು.

ಲೆಕ್ಕ ಸುಲಭ. ಕಿಲೋಮೀಟರ್‌ನಲ್ಲಿರುವ ದೂರವನ್ನು ಗಿಗಾಹರ್ಟ್ಸ್‌ನ ನಾಲ್ಕು ಪಟ್ಟಿನಿಂದ ಭಾಗಿಸಿ, ವರ್ಗಮೂಲ ತೆಗೆದು, 17.32ರಿಂದ ಗುಣಿಸಿ. ಬಂದದ್ದು ನಟ್ಟನಡುವಿನ ತ್ರಿಜ್ಯ, ಮೀಟರ್‌ನಲ್ಲಿ. 5.8 ಗಿಗಾಹರ್ಟ್ಸ್‌ನಲ್ಲಿ 2 ಕಿಲೋಮೀಟರ್‌ಗೆ ಸುಮಾರು 5.1 ಮೀಟರ್ ಬರುತ್ತದೆ. ಅಂದರೆ ಕಣ್ಣಿನ ಗೆರೆಯಿಂದ ಕೆಳಗೆ ಕನಿಷ್ಠ 3 ಮೀಟರ್ ಏನೂ ಇರಬಾರದು. 5 ಕಿಲೋಮೀಟರ್‌ಗೆ ತ್ರಿಜ್ಯ 8 ಮೀಟರ್, ಖಾಲಿ ಬೇಕಾದದ್ದು ಸುಮಾರು 5 ಮೀಟರ್.

ಮರ ಚಿಗುರಿ ತುಂಬಿಕೊಂಡ ಕಾಲದಲ್ಲಿ ಸಮೀಕ್ಷೆ ಮಾಡಿ. ಎಲೆ ಉದುರಿದಾಗ ನೋಡಿ ಒಪ್ಪಿಕೊಂಡ ದಾರಿ, ನೀರು ತುಂಬಿದ ಹಸಿರೆಲೆ ಬಂದ ಮೇಲೆ ಮುಚ್ಚಿಹೋಗುತ್ತದೆ. ನಡುವಿನ ಎಳೆ ಮರಗಳು ಇನ್ನು ಐದು ವರ್ಷಕ್ಕೆ ಎಷ್ಟೆತ್ತರ ಆಗಬಹುದು ಎಂದೂ ಅಂದಾಜು ಮಾಡಿ.

ಸಿಗ್ನಲ್ ಎಷ್ಟು ಬರಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆದಿಡಿ. 2 ಕಿಲೋಮೀಟರ್‌ಗೆ 5.8 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ಆಗುವ ನಷ್ಟ ಸುಮಾರು 114 ಡೆಸಿಬಲ್. ರೇಡಿಯೊ ಬಿಡುವ ಶಕ್ತಿ 20 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ), ಎರಡೂ ತುದಿಯಲ್ಲಿ 16 ಡಿಬಿಐ (ಆಂಟೆನಾ ಸಿಗ್ನಲ್‌ಗೆ ಕೂಡಿಸುವುದರ ಅಳತೆ) ಆಂಟೆನಾ ಇದ್ದರೆ, 20 + 16 + 16 ಅಂದರೆ 52ರಲ್ಲಿ 114 ಕಳೆದು ಮೈನಸ್ 62 ಡಿಬಿಎಂ. ಮೈನಸ್ 50ರಿಂದ ಮೈನಸ್ 65ರ ನಡುವೆ ಇದ್ದರೆ ನೆಮ್ಮದಿ. ಈ ಅಂಕಿ ಹಂತ 5ರಲ್ಲಿ ಬೇಕಾಗುತ್ತದೆ, ಕಳೆದುಕೊಳ್ಳಬೇಡಿ.

## ಹಂತ 3: ವಿದ್ಯುತ್ತಿನ ಲೆಕ್ಕ

ಒಂದು ನೋಡ್‌ನಲ್ಲಿ 8 ವಾಟ್ ರೇಡಿಯೊ, 6 ವಾಟ್ ರೂಟರ್ ಇದೆ ಎನ್ನಿ. ದಿನಕ್ಕೆ 14 × 24 = 336 ವಾಟ್-ಗಂಟೆ. ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕೆಂದರೆ 672. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 80 ಶೇಕಡದವರೆಗೆ ಬಳಸಬಹುದು, ಹಾಗಾಗಿ 840 ವಾಟ್-ಗಂಟೆ ಬೇಕು. ನಷ್ಟವನ್ನೂ ಸೇರಿಸಿದರೆ 12.8 ವೋಲ್ಟ್‌ನ 80 ಆಂಪಿಯರ್-ಗಂಟೆಯ ಬ್ಯಾಟರಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಸಾಯುತ್ತದೆ. ಅದೇ ಆದರೆ 130 ಆಂಪಿಯರ್-ಗಂಟೆ ಇಟ್ಟುಕೊಳ್ಳಿ.

ಸೌರ ಫಲಕಕ್ಕೆ: ದಿನಕ್ಕೆ ನಾಲ್ಕು ಗಂಟೆ ಪೂರ್ಣ ಬಿಸಿಲು, 70 ಶೇಕಡ ದಕ್ಷತೆ ಎಂದುಕೊಂಡರೆ 120 ವಾಟ್ ಸಾಕು ಎನಿಸುತ್ತದೆ. ಇಲ್ಲೇ ಮೋಸಹೋಗುವುದು. 120 ವಾಟ್ ಅಂದಂದಿನ ಖರ್ಚನ್ನಷ್ಟೇ ತುಂಬುತ್ತದೆ. ಮೋಡ ಕವಿದ ಎರಡು ದಿನದಲ್ಲಿ ಬರಿದಾದ ಬ್ಯಾಟರಿ ಮತ್ತೆ ಮೇಲೇಳುವುದೇ ಇಲ್ಲ. 200 ವಾಟ್ ಹಾಕಿ.

## ಹಂತ 4: ಸಾಮಾನು, ಮೇಜಿನ ಮೇಲೆ ಪರೀಕ್ಷೆ

ರೂಟರ್ ಕೊಳ್ಳುವ ಮೊದಲು ಅದಕ್ಕೆ ಹಾಕುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ ಬೆಂಬಲ ಪಟ್ಟಿಯಲ್ಲಿ ಅದರ ಮಾದರಿ ಸಂಖ್ಯೆ ಮಾತ್ರವಲ್ಲ, ಆವೃತ್ತಿ ಸಂಖ್ಯೆಯೂ ಇದೆಯೇ ನೋಡಿ. ಪೆಟ್ಟಿಗೆ ಒಂದೇ ಥರ ಇದ್ದು ಒಳಗಿನ ಚಿಪ್ ಬೇರೆಯಾಗಿರುವುದು ಸಾಮಾನ್ಯ. 16 ಎಂಬಿ ಫ್ಲಾಶ್, 128 ಎಂಬಿ ರ್‍ಯಾಮ್‌ಗಿಂತ ಕಡಿಮೆ ಬೇಡ. 4 ಎಂಬಿ ಫ್ಲಾಶ್, 32 ಎಂಬಿ ರ್‍ಯಾಮ್‌ನ ಹಳೆಯ ರೂಟರ್ ಪುಕ್ಕಟೆ ಸಿಕ್ಕರೂ ತರಬೇಡಿ, ಹೊಸ ಆವೃತ್ತಿಗಳು ಅದರಲ್ಲಿ ಓಡುವುದಿಲ್ಲ.

ಕೇಬಲ್ ಹೊರಾಂಗಣದ್ದು, ಬಿಸಿಲು ತಾಳುವಂಥದ್ದು, ಶುದ್ಧ ತಾಮ್ರದ್ದು ಆಗಿರಬೇಕು. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಇದರಲ್ಲಿ ದೂರ ಹೆಚ್ಚಾದಂತೆ ವೋಲ್ಟೇಜ್ ಕುಸಿದು ರೇಡಿಯೊ ತಾನಾಗಿ ರೀಸ್ಟಾರ್ಟ್ ಆಗುತ್ತಿರಬಹುದು.

ಜೊತೆಗೆ ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್, ಮಲ್ಟಿಮೀಟರ್, ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್, ಸಿಡಿಲಿನ ಸರ್ಜ್ ಪ್ರೊಟೆಕ್ಟರ್, ಎತ್ತರಕ್ಕೆ ಹತ್ತುವವರಿಗೆ ಸುರಕ್ಷತಾ ಪಟ್ಟಿ ಬೇಕು. ಕೊನೆಯದು ಇಲ್ಲದಿದ್ದರೆ ಕೆಲಸ ಮುಂದೂಡಿ.

ಕೇಬಲ್ ಮೂಲಕ ವಿದ್ಯುತ್ ಕೊಡುವ ಪಿಒಇಯಲ್ಲಿ ಎರಡು ಬಗೆ ಇವೆ. ಒಂದು, ಕೇಳದೆಯೇ 24 ವೋಲ್ಟ್ ಹರಿಸುವ ಪ್ಯಾಸಿವ್ ಬಗೆ. ಇನ್ನೊಂದು, ಆಚೆ ತುದಿಯನ್ನು ವಿಚಾರಿಸಿಕೊಂಡೇ 48 ವೋಲ್ಟ್ ಕೊಡುವ 802.3ಎಎಫ್ ಬಗೆ. 24 ವೋಲ್ಟ್‌ನ ರೇಡಿಯೊಗೆ ಪ್ಯಾಸಿವ್ 48 ವೋಲ್ಟ್ ಇಂಜೆಕ್ಟರ್ (ಕೇಬಲ್‌ಗೆ ವಿದ್ಯುತ್ ಸೇರಿಸುವ ಪೆಟ್ಟಿಗೆ) ಚುಚ್ಚಿದರೆ ಒಂದೇ ಕ್ಷಣ, ರೇಡಿಯೊ ಹೋಯಿತು. ಪ್ರತಿ ಇಂಜೆಕ್ಟರ್ ಮೇಲೆ ಬಣ್ಣದ ಟೇಪ್ ಅಂಟಿಸಿ, ಅದೇ ಬಣ್ಣ ರೇಡಿಯೊ ಮೇಲೂ ಇರಲಿ.

ಎಲ್ಲವನ್ನೂ ಕಂಬಕ್ಕೆ ಏರಿಸುವ ಮೊದಲು ಮೇಜಿನ ಮೇಲೆ ಜೋಡಿಸಿ 48 ಗಂಟೆ ಓಡಿಸಿ. ಆಗ ರೇಡಿಯೊ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿರಿ. ಎದುರುಬದುರು ಪೂರ್ಣ ಶಕ್ತಿಯಲ್ಲಿಟ್ಟರೆ ಸಿಗ್ನಲ್ ಸ್ವೀಕರಿಸುವ ಭಾಗ ಕಿವುಡಾಗಿ ವೇಗ ಬರುವುದಿಲ್ಲ, ಉಪಕರಣವೇ ಕೆಟ್ಟಿದೆ ಎಂದು ತಪ್ಪು ತಿಳಿಯುತ್ತೀರಿ.

## ಹಂತ 5: ಏರಿಸುವುದು, ಗುರಿ ಹಿಡಿಯುವುದು, ನೀರು ತಡೆಯುವುದು

ಆಂಟೆನಾವನ್ನು ಮೊದಲು ಅಡ್ಡಕ್ಕೆ ನಿಧಾನವಾಗಿ ತಿರುಗಿಸಿ. ಸಿಗ್ನಲ್ ಏರಿ, ಶಿಖರ ಮುಟ್ಟಿ, ಇಳಿಯುವವರೆಗೆ ಹೋಗಿ. ಇನ್ನೂ ಮುಂದೆ ಹೋಗಿ. ಆಂಟೆನಾಕ್ಕೆ ಮುಖ್ಯ ಕಿರಣದ ಅಕ್ಕಪಕ್ಕ ಚಿಕ್ಕ ಕಿರಣಗಳೂ ಇರುತ್ತವೆ. ಅದರಲ್ಲೊಂದನ್ನು ಹಿಡಿದು ಬಂತು ಬಂತು ಅಂತ ನಟ್ಟು ಬಿಗಿದುಬಿಡುವವರೇ ಹೆಚ್ಚು. ಅಡ್ಡ ಮುಗಿದ ಮೇಲೆ ಮೇಲೆ-ಕೆಳಗೆ. ಒಂದು ತುದಿ ಮುಗಿಯುವವರೆಗೆ ಇನ್ನೊಂದು ತುದಿಯವರು ಮುಟ್ಟಬಾರದು.

ಈಗ ಹಂತ 2ರಲ್ಲಿ ಬರೆದ ಅಂಕಿಯ ಜೊತೆ ಹೋಲಿಸಿ. 3–4 ಡೆಸಿಬಲ್ ವ್ಯತ್ಯಾಸ ಸಹಜ. 10 ಡೆಸಿಬಲ್‌ಗಿಂತ ಹೆಚ್ಚು ಇಳಿದಿದ್ದರೆ ಮೂರರಲ್ಲೊಂದು: ಪಕ್ಕದ ಕಿರಣ ಹಿಡಿದಿದ್ದೀರಿ, ನಡುವೆ ಅಡ್ಡಿ ಇದೆ, ಇಲ್ಲವೇ ಒಂದು ಆಂಟೆನಾ ಮಲಗಿಸಿ ಇನ್ನೊಂದು ನಿಲ್ಲಿಸಿ ಕೂರಿಸಿದ್ದೀರಿ. ಹೇಗೋ ನಡೆಯುತ್ತಿದೆಯಲ್ಲ ಅಂತ ಬಿಡಬೇಡಿ. ಮಳೆಯಲ್ಲಿ ಅದೇ ಲಿಂಕ್ ಮೊದಲು ಬೀಳುತ್ತದೆ.

ನೀರು ರೇಡಿಯೊ ಒಳಗೆ ಹೋಗುವುದು ಮೇಲಿನಿಂದಲ್ಲ, ಕೇಬಲ್ ಗುಂಟ. ಕೇಬಲ್ ಒಳಹೋಗುವ ರಂಧ್ರ ಯಾವಾಗಲೂ ಕೆಳಮುಖವಾಗಿರಲಿ. ರಂಧ್ರಕ್ಕೆ ಮೊದಲು ಕೇಬಲನ್ನು ಒಂದು ಗೇಣು ಕೆಳಗೆ ಜೋತುಬಿಡಿಸಿ, ಆಮೇಲೆ ಮೇಲಕ್ಕೆ ತಿರುಗಿಸಿ ಒಳಸೇರಿಸಿ; ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್‌ಗೆ ರಬ್ಬರ್ ಟೇಪನ್ನು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ ಪದರದ ಮೇಲೆ ಪದರ. ಕಂಬವನ್ನೂ ಸರ್ಜ್ ಪ್ರೊಟೆಕ್ಟರನ್ನೂ ಭೂಮಿಗೆ ಜೋಡಿಸಿ. ಭೂಮಿಗೆ ಜೋಡಿಸದ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

## ಹಂತ 6: ಜಾಲ ಹೆಣೆಯುವುದು

ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮುಂದೆ ದಾಟಿಸುವ ಮೆಶ್‌ನಲ್ಲಿ (ನೋಡ್‌ನಿಂದ ನೋಡ್‌ಗೆ ದಾಟುತ್ತ ಹೋಗುವ ಜಾಲದಲ್ಲಿ) ಪ್ರತಿ ಜಿಗಿತಕ್ಕೆ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಾಲ್ಕನೇ ಮನೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಬೆನ್ನೆಲುಬಿನ ಲಿಂಕ್‌ಗಳಿಗೆ 5 ಗಿಗಾಹರ್ಟ್ಸ್‌ನ ಬೇರೆ ರೇಡಿಯೊ, ಜನರ ಫೋನುಗಳಿಗೆ 2.4 ಗಿಗಾಹರ್ಟ್ಸ್‌ನ ಬೇರೆ ರೇಡಿಯೊ. ಒಂದೇ ಕಂಬದ ಎರಡು 5 ಗಿಗಾಹರ್ಟ್ಸ್ ರೇಡಿಯೊಗಳಿಗೆ ದೂರದೂರದ ಚಾನೆಲ್ ಕೊಡಿ.

ಮೊದಲ ಬಾರಿ ಮಾಡುವವರು ಲಿಬ್ರೆಮೆಶ್ ಬಳಸಿ. ಅದು ಓಪನ್‌ಡಬ್ಲ್ಯುಆರ್‌ಟಿ ಮೇಲೆಯೇ ಕಟ್ಟಿದ್ದು, ವಿಳಾಸ ಹಂಚಿಕೆಯನ್ನೂ ದಾರಿ ಹುಡುಕುವುದನ್ನೂ ತಾನೇ ಮಾಡುತ್ತದೆ. ಕೈಯಿಂದ ಹಂಚುವುದಾದರೆ 192.168.1ರಿಂದ ಶುರುವಾಗುವ ವಿಳಾಸ ಬೇಡ. ಮನೆ ರೂಟರ್‌ಗಳೆಲ್ಲ ಅದನ್ನೇ ಹಿಡಿದಿರುತ್ತವೆ. 10.20.1.0, 10.20.2.0 ಹೀಗೆ ನೋಡ್‌ಗೊಂದು ಕೊಟ್ಟು ಪಟ್ಟಿ ಬರೆದಿಡಿ.

ಮೂರು ತೊಂದರೆಗಳು ಪದೇ ಪದೇ ಬರುತ್ತವೆ. ಇವನ್ನು ಲಕ್ಷಣದಿಂದಲೇ ಗುರುತಿಸಬಹುದು.

ಪಿಂಗ್ (ಆಚೆಯ ಯಂತ್ರ ಸಿಗುತ್ತಿದೆಯೇ ಎಂದು ನೋಡುವ ಚಿಕ್ಕ ಪರೀಕ್ಷೆ) ಹೋಗುತ್ತದೆ, ಆದರೆ ವೆಬ್ ಪುಟ ಅರ್ಧಕ್ಕೆ ನಿಲ್ಲುತ್ತದೆ: ಪ್ಯಾಕೆಟ್ ಗಾತ್ರದ ತೊಂದರೆ. ಮೆಶ್‌ನಲ್ಲಿ ದಾರಿ ಹುಡುಕುವ ಬ್ಯಾಟ್‌ಮ್ಯಾನ್-ಅಡ್ವ್ ತನ್ನ ತಲೆಬರಹ ಸೇರಿಸುವುದರಿಂದ ಕೆಳಗಿನ ಇಂಟರ್ಫೇಸ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1532 ಇರಬೇಕು. 1500 ಇದ್ದರೆ ಚಿಕ್ಕ ಪ್ಯಾಕೆಟ್ ಸಲೀಸಾಗಿ ದಾಟುತ್ತದೆ, ದೊಡ್ಡದು ತುಂಡಾಗಿ ನಿಧಾನವಾಗುತ್ತದೆ ಅಥವಾ ಕಳೆದುಹೋಗುತ್ತದೆ.

ಇದ್ದಕ್ಕಿದ್ದಂತೆ ಹಲವರಿಗೆ ಏನೂ ತೆರೆಯುವುದಿಲ್ಲ: ಯಾರೋ ತಮ್ಮ ಮನೆ ರೂಟರ್‌ನ ಲ್ಯಾನ್ ಕಿಂಡಿಯನ್ನು (ಮನೆಯೊಳಗಿನ ಸಾಧನಗಳಿಗೆ ಇರುವುದು) ಮೆಶ್‌ಗೆ ಜೋಡಿಸಿದ್ದಾರೆ. ಈಗ ವಿಳಾಸ ಹಂಚುವವರು ಇಬ್ಬರು. ಲ್ಯಾನ್ ಕಿಂಡಿಯಿಂದ ಕಿತ್ತು ವ್ಯಾನ್ ಕಿಂಡಿಗೆ (ಹೊರಗಿನ ಜಾಲಕ್ಕೆ ಇರುವುದು) ಹಾಕಿಸಿ.

ಲಿಂಕ್ ನಿಮಿಷಗಟ್ಟಲೆ ಮಾಯವಾಗಿ ತಾನೇ ಬರುತ್ತದೆ: 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳು ರಾಡಾರ್ ಜೊತೆ ಹಂಚಿಕೊಂಡವು. ರಾಡಾರ್ ಕೇಳಿಸಿದರೆ ರೇಡಿಯೊ ಕೂಡಲೇ ಆ ಚಾನೆಲ್ ಬಿಡಬೇಕು, 30 ನಿಮಿಷ ಮತ್ತೆ ಅಲ್ಲಿಗೆ ಹೋಗಬಾರದು, ಹೊಸ ರಾಡಾರ್ ಚಾನೆಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಆಲಿಸಬೇಕು. ನಿಯಮ ಅನುಮತಿಸುವ ಬೇರೆ ಚಾನೆಲ್ ಆರಿಸಿ.

ಇಂಟರ್ನೆಟ್ ಇದ್ದರೆ ಗೇಟ್‌ವೇಯಲ್ಲಿ (ಜಾಲವನ್ನು ಇಂಟರ್ನೆಟ್‌ಗೆ ಜೋಡಿಸುವ ರೂಟರ್‌ನಲ್ಲಿ) ಎಸ್‌ಕ್ಯುಎಂ ಎಂಬ ಸರದಿ ನಿರ್ವಹಣೆ ಹಾಕಿ, ಮಿತಿಯನ್ನು ಅಳೆದ ವೇಗದ 85–90 ಶೇಕಡಕ್ಕೆ ಇಡಿ. ಒಬ್ಬರು ವಿಡಿಯೊ ಇಳಿಸಿದರೆ ಉಳಿದವರ ಕರೆ ತಡವರಿಸುವುದು ಇದರಿಂದ ನಿಲ್ಲುತ್ತದೆ.

## ಹಂತ 7: ಸರ್ವರ್

16 ಅಥವಾ 32 ಜಿಬಿ ರ್‍ಯಾಮ್‌ನ ಮಿನಿ ಪಿಸಿ, ಎರಡು ಎಸ್‌ಎಸ್‌ಡಿ, ಒಂದು ಯುಪಿಎಸ್. ಡೆಬಿಯನ್ ಲಿನಕ್ಸ್ ಹಾಕಿ, ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿರಲಿ. ಪೆಟ್ಟಿಗೆ ಕಳುವಾದರೂ ಒಳಗಿನ ಧ್ವನಿ ಯಾರ ಕೈಗೂ ಹೋಗಬಾರದು. ಹಾಗೆ ಮಾಡಿದಾಗ ವಿದ್ಯುತ್ ಹೋಗಿ ಬಂದ ಮೇಲೆ ಯಾರಾದರೂ ಪಾಸ್‌ವರ್ಡ್ ಹಾಕಬೇಕಾಗುತ್ತದೆ, ಕೀಲಿ ಹೊಂದಿದ ಮೂವರಲ್ಲಿ ಒಬ್ಬರು ಹತ್ತಿರದಲ್ಲಿ ಇರುವಂತೆ ನೋಡಿಕೊಳ್ಳಿ.

ರಾಸ್ಪ್‌ಬೆರಿ ಪೈ ಮೇಲೆ ಮೆಮೊರಿ ಕಾರ್ಡಿನಿಂದ ಶಾಶ್ವತ ಸರ್ವರ್ ಓಡಿಸಬೇಡಿ. ಸತತ ಬರವಣಿಗೆಗೆ ಕಾರ್ಡ್ ಸವೆಯುತ್ತದೆ, ವಿದ್ಯುತ್ ಕಡಿತಕ್ಕೆ ಕಡತ ಹಾಳಾಗುತ್ತದೆ.

ಎರಡು ಡಿಸ್ಕಿಗೂ ಒಂದೇ ದತ್ತಾಂಶ ಬರೆಯುವುದು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದು ಎರಡರಿಂದಲೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಬೇರೆ ಕಟ್ಟಡ ಎಂದರೆ ಜಾಲದ್ದೇ ಇನ್ನೊಂದು ತುದಿಯ ನೋಡ್, ಕ್ಲೌಡ್ ಅಲ್ಲ.

ಮೊದಲು ಎರಡು ಸೇವೆ ಮಾತ್ರ ಕೊಡಿ. ಕಿವಿಕ್ಸ್‌ನಲ್ಲಿ ವಿಕಿಪೀಡಿಯ ಇಡೀ ಆಫ್‌ಲೈನ್ ಸಿಗುತ್ತದೆ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಕಡತ ಹಂಚಿಕೊಳ್ಳಬಹುದು. ಜನ ದಿನಾ ಬಳಸುವುದೇನು ಎಂದು ಒಂದು ತಿಂಗಳು ನೋಡಿ ಮುಂದಿನದನ್ನು ಸೇರಿಸಿ. ಹತ್ತು ಸೇವೆ ಒಟ್ಟಿಗೆ ಹಾಕಿದರೆ ಹತ್ತಕ್ಕೂ ಅಪ್‌ಡೇಟ್ ಮಾಡುವವರು ನೀವೇ.

## ಹಂತ 8: ಹೆಸರು, ಬೀಗ, ಗಡಿಯಾರ

ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಧ್ವನಿ ಸಂಗ್ರಹ ನಿಂತುಹೋಗುವುದು ಹೆಚ್ಚಾಗಿ ಇಲ್ಲಿಯೇ. ಸುರಕ್ಷಿತ ಸಂಪರ್ಕ ಇಲ್ಲದ ಪುಟಕ್ಕೆ ಬ್ರೌಸರ್ ಮೈಕ್ ಬಳಸಲು ಬಿಡುವುದಿಲ್ಲ. ಸರ್ವರ್ ಯಂತ್ರದಲ್ಲೇ ಲೋಕಲ್‌ಹೋಸ್ಟ್ ವಿಳಾಸದಿಂದ ತೆರೆದು ಪರೀಕ್ಷಿಸಿದಾಗ ಎಲ್ಲ ಸರಿ. ಜನರ ಫೋನಿನಲ್ಲಿ ರೆಕಾರ್ಡ್ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ.

ಅತಿ ಸುಲಭದ ದಾರಿ: ಒಂದು ನಿಜವಾದ ಡೊಮೈನ್ ಹೆಸರು ಕೊಂಡು, ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ, ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಪರಿಶೀಲನೆಯ ಮೂಲಕ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರ ಪಡೆಯಿರಿ. ಈ ವಿಧಾನದಲ್ಲಿ ಸರ್ವರನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಡಬೇಕಿಲ್ಲ. ಪ್ರಮಾಣಪತ್ರದ ಅವಧಿ ಚಿಕ್ಕದು, ನವೀಕರಣ ತಾನಾಗಿ ಆಗುವಂತೆ ಮಾಡಿ. ಜಾಲದೊಳಗಿನ ಡಿಎನ್‌ಎಸ್ ಆ ಹೆಸರಿಗೆ ಒಳಗಿನ ವಿಳಾಸವನ್ನೇ ಕೊಡಬೇಕು.

ಗಡಿಯಾರ ತಪ್ಪಿದರೆ ಪ್ರಮಾಣಪತ್ರ ಅಮಾನ್ಯ ಎಂದು ಫೋನ್ ಹೇಳುತ್ತದೆ. ಜಾಲದೊಳಗೇ ಒಂದು ಸಮಯ ಸರ್ವರ್ ಇರಲಿ. ಮಿನಿ ಪಿಸಿಯ ಒಳಗಿನ ನಾಣ್ಯದಂಥ ಬ್ಯಾಟರಿ ಹಳೆಯದಾಗಿದ್ದರೆ ಈಗಲೇ ಬದಲಿಸಿ.

ಫೋನುಗಳಲ್ಲಿ ಇನ್ನೆರಡು ತೊಡಕು. ಇಂಟರ್ನೆಟ್ ಇಲ್ಲದ ವೈ-ಫೈ ಕಂಡಾಗ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರುತ್ತದೆ, ಊರಿನ ಪುಟ ತೆರೆಯುವುದಿಲ್ಲ. ‘ಸಂಪರ್ಕದಲ್ಲೇ ಇರು’ ಎಂದು ಆರಿಸಲು ಹೇಳಿಕೊಡಿ. ಆಂಡ್ರಾಯ್ಡ್‌ನಲ್ಲಿ ಖಾಸಗಿ ಡಿಎನ್‌ಎಸ್‌ಗೆ ಹೊರಗಿನ ಯಾವುದೋ ಹೆಸರು ಹಾಕಿಟ್ಟಿದ್ದರೆ ಫೋನ್ ನಿಮ್ಮ ಡಿಎನ್‌ಎಸ್ ಅನ್ನು ಕೇಳುವುದೇ ಇಲ್ಲ. ಅದನ್ನು ‘ಸ್ವಯಂಚಾಲಿತ’ಕ್ಕೆ ಬದಲಿಸಿ.

## ಹಂತ 9: ಯಾರ ಮಾತು, ಯಾರ ಅನುಮತಿ

ಒಂದೇ ಒಂದು ಧ್ವನಿ ಕಡತ ಸೇರಿಸುವ ಮೊದಲು ಈ ಹಂತ ಮುಗಿದಿರಬೇಕು. ದೊಡ್ಡ ಎಐ ವ್ಯವಸ್ಥೆಗಳು ಮೊದಲು ಬಾಚಿಕೊಂಡು ಆಮೇಲೆ ನ್ಯಾಯ ಮಾತಾಡಿದವು. ನಮ್ಮ ಜಾಲ ಅದೇ ತಪ್ಪನ್ನು ಚಿಕ್ಕ ಪ್ರಮಾಣದಲ್ಲಿ ಮಾಡಿದರೂ ಅದು ತಪ್ಪೇ.

ನ್ಯೂಜಿಲೆಂಡ್‌ನ ತೆ ಹಿಕು ಮೀಡಿಯಾ ಮಾವೊರಿ ಭಾಷೆಯ ದತ್ತಾಂಶಕ್ಕಾಗಿ ಕೈತಿಯಾಕಿತಂಗಾ ಎಂಬ ಪರವಾನಗಿ ಬರೆದುಕೊಂಡಿದೆ. ಅದರ ನೋಟ ನೇರ: ದತ್ತಾಂಶವನ್ನು ಇಟ್ಟುಕೊಂಡವರು ಅದರ ಒಡೆಯರಲ್ಲ, ಪಾಲಕರು. ಕೆನಡಾದ ಮೂಲನಿವಾಸಿಗಳ ಒಕ್ಯಾಪ್ ತತ್ವಗಳು ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳುತ್ತವೆ. ಈ ನಾಲ್ಕಕ್ಕೆ ನಿಮ್ಮ ಉತ್ತರ ಬರೆದರೆ ಕರಾರಿನ ಅರ್ಧ ಮುಗಿದಂತೆ.

ಅನುಮತಿಯನ್ನು ನಾಲ್ಕು ಮೆಟ್ಟಿಲಾಗಿ ಕೇಳಿ: ಮನೆಯವರಿಗೆ ಮಾತ್ರ, ಗುಂಪಿಗೆ ಮಾತ್ರ, ಜಾಲದ ಎಲ್ಲರಿಗೆ, ಹೊರಗಿನವರಿಗೂ. ಎಐ ತರಬೇತಿಗೆ ಬಳಸಬಹುದೇ ಎಂಬುದು ಇದರಲ್ಲಿ ಸೇರುವುದಿಲ್ಲ, ಅದು ಪ್ರತ್ಯೇಕ ಪ್ರಶ್ನೆ. ಎಲ್ಲರೂ ಕೇಳಬಹುದು ಎಂದವರು ಎಐ ಕಲಿಯಬಹುದು ಎಂದಂತಲ್ಲ. ಓದಲು ಬಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಿ, ಒಪ್ಪಿಗೆಯನ್ನೂ ಧ್ವನಿಯಲ್ಲೇ ದಾಖಲಿಸಿ.

ಕಡತದ ಹೆಸರಿನಲ್ಲಿ ವ್ಯಕ್ತಿಯ ಹೆಸರು ಬೇಡ, ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಬೇರೆ ಜಾಗದಲ್ಲಿ, ಗೂಢಲಿಪಿಯಲ್ಲಿ.

ಹಿಂಪಡೆಯುವವರಿಗೆ ನಿಜ ಹೇಳಿ. ಸರ್ವರ್‌ನಿಂದ ಇವತ್ತೇ ಅಳಿಸಬಹುದು. ಬ್ಯಾಕಪ್‌ನಿಂದ ಹೋಗಲು ಅದರ ಸುತ್ತು ಮುಗಿಯಬೇಕು, 90 ದಿನ ಎಂದಿಟ್ಟುಕೊಂಡರೆ 90 ದಿನ. ಅಳಿಸಿದವುಗಳ ಸಂಖ್ಯೆ ಬೇರೆ ಬರೆದಿಡಿ, ಬ್ಯಾಕಪ್‌ನಿಂದ ಮರಳಿ ತಂದಾಗ ಆ ಪಟ್ಟಿಯನ್ನು ಮತ್ತೆ ಅನ್ವಯಿಸಬೇಕು. ಒಮ್ಮೆ ತರಬೇತಾದ ಮಾದರಿಯಿಂದ ಒಬ್ಬರ ಧ್ವನಿಯನ್ನು ಕಿತ್ತು ತೆಗೆಯಲು ಭರವಸೆಯ ಉಪಾಯವಿಲ್ಲ, ಮೊದಲಿನಿಂದ ತರಬೇತಿ ಮಾಡಬೇಕು. ತರಬೇತಿಯ ಒಪ್ಪಿಗೆಯನ್ನು ಬೇರೆ ಕೇಳುವುದು ಇದೇ ಕಾರಣಕ್ಕೆ.

ಎರಡು ಎಚ್ಚರಿಕೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ, ಪಡೆದವರಿಂದ ಹಿಂಪಡೆಯಲಾಗುವುದಿಲ್ಲ. ಮುಕ್ತ ಎಂಬ ಪದದ ಮೋಹಕ್ಕೆ ಊರಿನ ಹಾಡು, ಮದ್ದಿನ ತಿಳಿವಳಿಕೆಗೆ ಅದನ್ನು ಹಚ್ಚಬೇಡಿ. ಇನ್ನು, ವೆಬ್ ಪುಟಕ್ಕೆ ‘ಬಾಟ್‌ಗಳು ಬರಬಾರದು’ ಎಂದು ಹಾಕುವ ರೋಬೋಟ್ಸ್ ಕಡತ ಒಂದು ವಿನಂತಿ ಅಷ್ಟೆ, ಬೀಗವಲ್ಲ. ಬಾಚುವ ಬಾಟ್‌ಗಳಿಂದ ಕಾಪಾಡಬೇಕಾದ್ದನ್ನು ಹೊರಗಿನ ಇಂಟರ್ನೆಟ್‌ಗೆ ಇಡಲೇಬೇಡಿ. ದೂರದಿಂದ ಕೆಲಸ ಮಾಡುವವರಿಗೆ ವೈರ್‌ಗಾರ್ಡ್ (ಗೂಢಲಿಪಿಯ ಖಾಸಗಿ ಸಂಪರ್ಕ) ಕೊಡಿ.

## ಹಂತ 10: ಎಐ ಕೂರಿಸುವುದು

ಧ್ವನಿಯನ್ನು ಅಕ್ಷರಕ್ಕಿಳಿಸುವುದರಿಂದ ಶುರುಮಾಡಿ. ಹೆಚ್ಚು ಉಪಯೋಗ ಅದರದೇ, ತಪ್ಪಿದ್ದರೂ ಕೇಳಿ ತಿದ್ದಬಹುದು. ಈ ಕೆಲಸ ಮಾಡುವ ವಿಸ್ಪರ್ ಮಾದರಿಗಳನ್ನು ಓಡಿಸುವ ತಂತ್ರಾಂಶ ವಿಸ್ಪರ್ ಸಿಪಿಪಿ, ಅದು ಸಾಮಾನ್ಯ ಪ್ರೊಸೆಸರ್ ಮೇಲೂ ಓಡುತ್ತದೆ. ವಿಸ್ಪರ್ ಮಾದರಿಗಳು 3.9 ಕೋಟಿ ನಿಯತಾಂಕದ (ಮಾದರಿ ಕಲಿತಿಟ್ಟುಕೊಂಡ ಅಂಕಿಗಳ ಎಣಿಕೆ) ಟೈನಿಯಿಂದ 155 ಕೋಟಿಯ ಲಾರ್ಜ್‌ವರೆಗೆ ಇವೆ. ಇಂಗ್ಲಿಷ್‌ಗೆ ಸಾಲುವ ಚಿಕ್ಕ ಗಾತ್ರಗಳು ಕನ್ನಡದಂಥ ಭಾಷೆಗೆ ಸಾಲುವುದಿಲ್ಲ. ಲಾರ್ಜ್, ಇಲ್ಲವೇ ನಿಮ್ಮ ಭಾಷೆಗೆಂದೇ ಪಳಗಿಸಿದ ಮಾದರಿ ಹಾಕಿ.

ಮೂಲ ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ಫ್ಲಾಕ್ (ಗುಣಮಟ್ಟ ಕಳೆಯದ ಧ್ವನಿ ಕಡತ) ಆಗಿ ಇಟ್ಟುಕೊಂಡು, ವಿಸ್ಪರ್‌ಗೆ 16 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನ ಪ್ರತಿ ಕೊಡಿ. ಈ ನಕಲು ಗಂಟೆಗೆ ಸುಮಾರು 115 ಎಂಬಿ ಆಗುತ್ತದೆ. ಮೌನ ಇರುವ ಕಡೆ ವಿಸ್ಪರ್ ಇಲ್ಲದ ವಾಕ್ಯ ಹುಟ್ಟಿಸುತ್ತದೆ, ಅದನ್ನೇ ಹತ್ತು ಸಲ ಹೇಳುತ್ತದೆ. ಮಾತಿರುವ ಭಾಗವನ್ನಷ್ಟೇ ಕತ್ತರಿಸಿ ಕೊಡುವ ಆಯ್ಕೆಯನ್ನು ಆನ್ ಮಾಡಿ.

ಪಠ್ಯ ಬರೆಯುವ ಮಾದರಿಗಳನ್ನು ಓಡಿಸಲು ಲಾಮಾ ಸಿಪಿಪಿ. 700 ಕೋಟಿ ನಿಯತಾಂಕದ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೆ 4–5 ಜಿಬಿ ಆಗುತ್ತದೆ. ವೇಗವನ್ನು ನಿರ್ಧರಿಸುವುದು ಪ್ರೊಸೆಸರ್‌ಗಿಂತ ಹೆಚ್ಚಾಗಿ ರ್‍ಯಾಮ್. ಡಿಡಿಆರ್4-3200ರ ಎರಡು ಕಡ್ಡಿ ಇದ್ದರೆ ಸೆಕೆಂಡಿಗೆ 51.2 ಜಿಬಿ ಓದಬಹುದು. ಪ್ರತಿ ಟೋಕನ್‌ಗೆ (ಮಾದರಿ ಒಮ್ಮೆಗೆ ಬರೆಯುವ ಪದದ ತುಂಡು) 4.5 ಜಿಬಿ ಇಡೀ ಓದಬೇಕು, ಹಾಗಾಗಿ ಸೆಕೆಂಡಿಗೆ 11 ಟೋಕನ್ ಮೇಲ್ಮಿತಿ, ನಡೆಯುವುದು ಅದಕ್ಕಿಂತ ಕಡಿಮೆ. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಇದೂ ಅರ್ಧ. 8 ಜಿಬಿಯ ಎರಡು ಹಾಕಿ. ಕನ್ನಡದ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುವುದರಿಂದ ಇಂಗ್ಲಿಷ್‌ಗಿಂತ ನಿಧಾನ ಅನಿಸುತ್ತದೆ. ಮಾದರಿ ಆರಿಸುವಾಗ ಒಂದೇ ಪ್ಯಾರಾ ಕೊಟ್ಟು ಟೋಕನ್ ಎಣಿಸಿ ನೋಡಿ.

ಬಾಯಿಪಾಠದಿಂದ ಉತ್ತರ ಹೇಳಲು ಮಾದರಿಗೆ ಬಿಡಬೇಡಿ. ಊರಿನ ದಾಖಲೆಗಳನ್ನು ಸೂಚಿ ಮಾಡಿ, ಪ್ರಶ್ನೆಗೆ ಹೊಂದುವ ಪುಟ ಹುಡುಕಿ, ಆ ಪುಟವನ್ನು ಉತ್ತರದ ಕೆಳಗೇ ತೋರಿಸುವಂತೆ ಮಾಡಿ. ಹಂತ 9ರ ಮೆಟ್ಟಿಲು ಇಲ್ಲೂ ಅನ್ವಯಿಸಬೇಕು: ಗುಂಪಿಗೆ ಮಾತ್ರ ಎಂದ ದಾಖಲೆ ಬೇರೆಯವರ ಉತ್ತರದಲ್ಲಿ ಇಣುಕಿದರೆ ಕರಾರು ಮುರಿದಂತೆ. ಬಳಕೆಗೆ ಬಿಡುವ ಮೊದಲು ಉತ್ತರ ಗೊತ್ತಿರುವ 50 ಪ್ರಶ್ನೆ ಕೇಳಿ. ಅದರಲ್ಲಿ ಹತ್ತಕ್ಕಾದರೂ ದಾಖಲೆಯಲ್ಲಿ ಉತ್ತರವೇ ಇರಬಾರದು. ಗೊತ್ತಿಲ್ಲ ಎನ್ನುವ ಬದಲು ಕಟ್ಟಿ ಹೇಳಿದರೆ ಇನ್ನೂ ಸಿದ್ಧವಾಗಿಲ್ಲ. ಔಷಧಿ, ಕಾನೂನು, ಜಮೀನಿನ ಪ್ರಶ್ನೆಗಳಿಗೆ ಪುಟ ಮಾತ್ರ ತೋರಿಸಲಿ, ಉತ್ತರ ಬರೆಯದಿರಲಿ.

ಮಾದರಿ ಕಡತವನ್ನು ಜಿಜಿಯುಎಫ್ ಅಥವಾ ಸೇಫ್‌ಟೆನ್ಸರ್ಸ್ ರೂಪದಲ್ಲೇ ತನ್ನಿ. ಪಿಕಲ್ ರೂಪದ ಕಡತ ತೆರೆಯುವಾಗಲೇ ಅದರೊಳಗಿನ ಕೋಡ್ ಓಡಬಲ್ಲದು. ಮಾದರಿಯ ಪರವಾನಗಿಯನ್ನೂ ಓದಿ.

ಕೊನೆಗೆ ಕೇಬಲ್ ಪರೀಕ್ಷೆ. ಗೇಟ್‌ವೇಯ ಇಂಟರ್ನೆಟ್ ಕೇಬಲ್ ಕಿತ್ತು, ರೆಕಾರ್ಡ್, ಅಕ್ಷರಕ್ಕಿಳಿಸುವುದು, ಪ್ರಶ್ನೆ, ಉತ್ತರ ಎಲ್ಲ ಮಾಡಿ. ಪುಟ ತೆರೆಯಲು ಅರ್ಧ ನಿಮಿಷ ಹಿಡಿದರೆ ಅದು ಅಕ್ಷರಶೈಲಿಯನ್ನೋ ಸ್ಕ್ರಿಪ್ಟನ್ನೋ ಹೊರಗಿನಿಂದ ಕೇಳುತ್ತಿದೆ. ಅವನ್ನು ಸರ್ವರ್‌ಗೇ ತಂದಿಡಿ. ಕೇಬಲ್ ಮತ್ತೆ ಜೋಡಿಸಿದ ಮೇಲೆ, ಫೈರ್‌ವಾಲ್‌ನಲ್ಲಿ ಸರ್ವರ್‌ನಿಂದ ಹೊರಹೋಗುವುದನ್ನೆಲ್ಲ ಮುಚ್ಚಿ, ಅಪ್‌ಡೇಟ್ ಮತ್ತು ಪ್ರಮಾಣಪತ್ರಕ್ಕೆ ವಾರಕ್ಕೊಂದು ಗಂಟೆ ತೆರೆಯಿರಿ. ಒಂದು ವಾರ ಡಿಎನ್‌ಎಸ್ ದಾಖಲೆ ನೋಡಿ. ಸರ್ವರ್ ಕೇಳಿದ ಹೊರಗಿನ ಹೆಸರು ಒಂದಿದ್ದರೂ ಅದು ಯಾವ ತಂತ್ರಾಂಶದ್ದೆಂದು ಪತ್ತೆ ಹಚ್ಚುವವರೆಗೆ ಧ್ವನಿ ಸೇರಿಸಬೇಡಿ.

## ಹಂತ 11: ಪಾಲನೆ

ಪ್ರತಿ ಲಿಂಕ್‌ನ ಸಿಗ್ನಲ್ ಅಂಕಿಯನ್ನು ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆಯಿರಿ. ಮಳೆಯಾದ ಮೇಲೆ 6–10 ಡೆಸಿಬಲ್ ಇಳಿದು ಬಿಸಿಲು ಬಂದರೂ ಏರದಿದ್ದರೆ ಕನೆಕ್ಟರ್‌ಗೆ ನೀರು ಹೋಗಿದೆ. ತಿಂಗಳುಗಟ್ಟಲೆ ಒಂದೊಂದೇ ಡೆಸಿಬಲ್ ಇಳಿಯುತ್ತಿದ್ದರೆ ಮರ ಬೆಳೆಯುತ್ತಿದೆ. ಗಾಳಿ ಬಿಟ್ಟ ಮಾರನೇ ದಿನ ಒಮ್ಮೆಗೇ ಇಳಿದರೆ ಆಂಟೆನಾ ತಿರುಗಿದೆ. ಬೆಳಗಿನ ಜಾವ ಮಾತ್ರ ನೋಡ್ ಮಾಯವಾಗುತ್ತಿದ್ದರೆ ಬ್ಯಾಟರಿ ಸೋತಿದೆ.

ತಂತ್ರಾಂಶ ಅಪ್‌ಡೇಟ್ ಮಾಡುವಾಗ ಅತಿ ದೂರದ ನೋಡ್‌ನಿಂದ ಶುರುಮಾಡಿ ಸರ್ವರ್ ಕಡೆ ಬನ್ನಿ. ಹತ್ತಿರದ್ದನ್ನು ಮೊದಲು ಮಾಡಿ ಅದು ಮೇಲೇಳದಿದ್ದರೆ, ಅದರಾಚೆಯ ಎಲ್ಲ ನೋಡ್‌ಗಳಿಗೂ ಏಣಿ ಹೊತ್ತು ಹೋಗಬೇಕಾಗುತ್ತದೆ. ಒಂದು ದಿನಕ್ಕೆ ಒಂದು ನೋಡ್ ಸಾಕು, ಹಳೆಯ ಸೆಟ್ಟಿಂಗಿನ ಪ್ರತಿ ಕೈಯಲ್ಲಿರಲಿ.

ಆರು ತಿಂಗಳಿಗೊಮ್ಮೆ, ಸರ್ವರ್ ಕಟ್ಟಿದವರನ್ನು ಬದಿಗೆ ಕೂರಿಸಿ, ಕೀಲಿ ಹೊಂದಿದ ಇನ್ನೊಬ್ಬರಿಂದ ಬೇರೆ ಯಂತ್ರದ ಮೇಲೆ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಎಬ್ಬಿಸಿ. ಬರೆದಿಟ್ಟ ಪುಸ್ತಕ ಬಿಟ್ಟು ಬೇರೇನನ್ನೂ ಕೇಳುವಂತಿಲ್ಲ. ಅವರು ಎಲ್ಲಿ ತಡವರಿಸಿದರೋ ಆ ಜಾಗವನ್ನು ಅಂದೇ ಪುಸ್ತಕದಲ್ಲಿ ತಿದ್ದಿ ಬರೆಯಿರಿ.